ಪರದೆ ಅವರದು, ಕೈ ನಮ್ಮದು
(ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ನಾವು ದಿನವೂ ಬಳಸುವ ಮೊಬೈಲಿನ ಪರದೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬದಲಾಗಿರುತ್ತದೆ. ಬಲಗಡೆಯ ಗುಂಡಿ ಎಡಕ್ಕೆ ಹೋಗಿರುತ್ತದೆ. ನಿನ್ನೆ ಇದ್ದದ್ದು ಇಂದು ಮಾಯವಾಗಿರುತ್ತದೆ. ಜನ ಕೂಗುತ್ತಾರೆ. ಜನಕ್ಕೆ ಯಾವ ಹೊಸದೂ ಹಿಡಿಸದು, ಎಂಟು ದಿನದಲ್ಲಿ ತಾವೇ ಸುಮ್ಮನಾಗುತ್ತಾರೆ ಎಂದು ಹೇಳುವವರೂ ಇದ್ದಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾವು ವಿಚಾರ ಮಾಡಬೇಕು.

ಅರ್ಧ ನಿಜ. 2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ‘ನ್ಯೂಸ್ ಫೀಡ್’ ಎಂಬ ಏರ್ಪಾಟನ್ನು ತಂದಿತು. ಅಲ್ಲಿಯವರೆಗೆ ಗೆಳೆಯನ ಸಮಾಚಾರ ಬೇಕಾದರೆ ಅವನ ಪುಟಕ್ಕೇ ಹೋಗಬೇಕಿತ್ತು. ಈಗ ಎಲ್ಲರ ಸಮಾಚಾರವೂ ತಾನಾಗಿ ಗೆಳೆಯರ ಕಣ್ಣೆದುರು ಬಂದು ಬೀಳತೊಡಗಿತು. ಕೆಲವೇ ದಿನಗಳಲ್ಲಿ 7 ಲಕ್ಷಕ್ಕೂ ಮಿಕ್ಕಿದ ಜನ ವಿರೋಧದ ಗುಂಪು ಸೇರಿದರು. ಮಾರ್ಕ್ ಝುಕರ್‌ಬರ್ಗ್ ತಪ್ಪಾಯಿತೆಂದು ಒಪ್ಪಿ, ತಮ್ಮ ಯಾವ ಸಮಾಚಾರ ಹರಡಬೇಕೆಂದು ಆರಿಸುವ ಅವಕಾಶವನ್ನು ಬಳಕೆದಾರರಿಗೆ ಕೊಟ್ಟರು. ಫೀಡು ಮಾತ್ರ ಉಳಿಯಿತು. ಜನ ಅದಕ್ಕೆ ಒಗ್ಗಿಕೊಂಡರು. ಆದರೆ ಕೂಗು ತಣ್ಣಗಾದದ್ದು ಬೇಡಿಕೆಯ ಒಂದು ಪಾಲು ಈಡೇರಿದ ಮೇಲೆ ಎಂಬುದನ್ನು ಮರೆಯಬಾರದು.

ಇನ್ನರ್ಧವನ್ನೂ ನೋಡೋಣ. ಡಿಗ್ ಎಂಬ ತಾಣದಲ್ಲಿ ಯಾವ ಸುದ್ದಿ ಮೇಲೇರಬೇಕು, ಯಾವುದು ಕೆಳಗಿಳಿಯಬೇಕು ಎಂಬುದನ್ನು ಓದುಗರೇ ತೀರ್ಮಾನಿಸುತ್ತಿದ್ದರು. 2010ರ ಆಗಸ್ಟಿನಲ್ಲಿ ಒಡೆಯರು ಅದರ ರೂಪವನ್ನೇ ಬದಲಿಸಿದರು. ಸುದ್ದಿಯನ್ನು ಕೆಳಗಿಳಿಸುವ ಗುಂಡಿ ಹೋಯಿತು. ದೊಡ್ಡ ಪ್ರಕಾಶಕರು ತಮ್ಮ ಸರಕನ್ನು ನೇರವಾಗಿ ತಂದು ಸುರಿಯಲು ದಾರಿಯಾಯಿತು. ಓದುಗರು ಸಿಟ್ಟಿನಿಂದ ಡಿಗ್‌ನ ಮುಖಪುಟದ ತುಂಬ ಎದುರಾಳಿ ರೆಡಿಟ್‌ನ ಕೊಂಡಿಗಳನ್ನೇ ಏರಿಸಿದರು. ಆಮೇಲೆ ಗುಂಪುಗುಂಪಾಗಿ ಅಲ್ಲಿಗೇ ಹೊರಟುಹೋದರು. 2012ರಲ್ಲಿ ಡಿಗ್ ತುಂಡುತುಂಡಾಗಿ ಮಾರಾಟವಾಯಿತು.

2018ರಲ್ಲಿ ಸ್ನ್ಯಾಪ್‌ಚಾಟ್ ತನ್ನ ಪರದೆಯನ್ನು ತಿರುವುಮುರುವು ಮಾಡಿದಾಗ 12 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಕಂಪನಿ ಮೊದಲು ಬಗ್ಗಲಿಲ್ಲ. ಆ ವರ್ಷದ ಎರಡನೆಯ ತ್ರೈಮಾಸಿಕದಲ್ಲಿ ಅದರ ದಿನನಿತ್ಯದ ಬಳಕೆದಾರರು 19.1 ಕೋಟಿಯಿಂದ 18.8 ಕೋಟಿಗೆ ಇಳಿದರು. ಅಷ್ಟರಲ್ಲಿ ಅದು ಬದಲಾವಣೆಯ ಒಂದು ಭಾಗವನ್ನು ಹಿಂದೆಗೆದುಕೊಂಡಿತ್ತು.

ನಮಗೆ ಹತ್ತಿರದ ವಾಟ್ಸ್‌ಆ್ಯಪ್ ಮಾತಿಗೆ ಬರೋಣ. 2017ರ ಫೆಬ್ರವರಿಯಲ್ಲಿ ಅದು ಹೆಸರಿನ ಕೆಳಗೆ ಬರೆದುಕೊಳ್ಳುವ ಒಂದು ಸಾಲನ್ನು ತೆಗೆದುಹಾಕಿ, 24 ಗಂಟೆಯಲ್ಲಿ ಅಳಿಸಿಹೋಗುವ ಚಿತ್ರಗಳನ್ನು ತಂದಿತು. ಬಿಡುವಿದೆ, ಬಿಡುವಿಲ್ಲ, ಅಂಗಡಿ ಇಂಥ ಹೊತ್ತಿಗೆ ತೆರೆದಿರುತ್ತದೆ ಎಂದು ತಿಳಿಸಲು ಆ ಒಂದು ಸಾಲು ಸಾಕಾಗಿತ್ತು. ಜನ ದೂರಿದರು, ಮಾರ್ಚಿನಲ್ಲಿ ಆ ಸಾಲು ಮರಳಿ ಬಂತು.

ಬಂಧುಗಳೇ, ಇದರಲ್ಲಿ ನಮಗಿರುವ ಪಾಠವೇನು? ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವನ ಕೈ, ಕಣ್ಣು ಹಾಯಿಸದೆಯೇ ಹಿಡಿಗೆ ಹೋಗುತ್ತದೆ. ಅದು ದುಡಿದು ಗಳಿಸಿದ ಕಸುಬು. ಹಿಡಿಯ ಜಾಗ ಬದಲಿಸಿದರೆ ಆ ಕಸುಬನ್ನು ಅವನು ಮತ್ತೆ ಗಳಿಸಬೇಕು. ಆ ದಿನಗಳ ನಷ್ಟ ಅವನದೇ. ಪರದೆಯ ಮಾತೂ ಹಾಗೆಯೇ. ಕಷ್ಟಪಟ್ಟು ಮೊಬೈಲು ಕಲಿತ ಮುದುಕರಿಗಂತೂ ಈ ನಷ್ಟ ಇಮ್ಮಡಿ. ಇದನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗೆಂದು ಹೊಸದೆಲ್ಲವೂ ಕೆಟ್ಟದೆಂದು ನಾವು ಹೇಳುವುದಿಲ್ಲ. ಅಕ್ಷರ ದೊಡ್ಡದಾದರೆ, ಕನ್ನಡ ಸುಲಭವಾಗಿ ಬರೆಯುವಂತಾದರೆ ಬೇಡವೆನ್ನುವವರಾರು? ಬದಲಾವಣೆ ಬಂದಾಗ ಎರಡು ಪ್ರಶ್ನೆ ಕೇಳೋಣ: ಇದರಿಂದ ನಮ್ಮ ಕೆಲಸ ಹಗುರವಾಯಿತೋ, ಅಥವಾ ಜಾಹೀರಾತು ನೋಡುವ ಹೊತ್ತು ಹೆಚ್ಚಿತೋ? ನಮ್ಮಿಂದ ಏನನ್ನು ಕಿತ್ತುಕೊಂಡರು?

ಬರಿಯ ಬೈಗುಳದಿಂದ ಏನೂ ಆಗದು. ಕಳೆದುಹೋದದ್ದನ್ನು ಹೆಸರಿಸಿ, ಹಲವರು ಸೇರಿ ಕೇಳಿದಲ್ಲಿ ಸ್ವಲ್ಪವಾದರೂ ಸಿಕ್ಕಿದೆ. ಬಿಟ್ಟುಹೋಗಲು ಬೇರೆ ಜಾಗವಿದ್ದಾಗ ಒಡೆಯನ ಕಿವಿ ಬೇಗ ತೆರೆಯುತ್ತದೆ. ಇಲ್ಲವಾದರೆ ಡಿಗ್‌ನ ಗತಿ. ಆದುದರಿಂದ ವರ್ತಕ ಮಿತ್ರರಲ್ಲಿ ನಮ್ಮ ವಿನಂತಿ: ಗಿರಾಕಿಗಳ ಹೆಸರು, ನಂಬರು, ಬಾಕಿ ಲೆಕ್ಕ ನಿಮ್ಮ ಪುಸ್ತಕದಲ್ಲಿಯೂ ಇರಲಿ. ಕಾರ್ಮಿಕ ಮಿತ್ರರೇ, ಸಂಘದ ಸದಸ್ಯರ ಪಟ್ಟಿ ಒಂದೇ ಕಂಪನಿಯ ಗುಂಪಿನಲ್ಲಿ ಸಿಕ್ಕಿಕೊಂಡಿರುವುದು ಬೇಡ. ಹೊಸ ಪರದೆ ಬಂದ ದಿನ, ಬಲ್ಲವರು ಪಕ್ಕದವರಿಗೆ ಹತ್ತು ನಿಮಿಷ ಕೂತು ತೋರಿಸಿಕೊಡಿ. ಆ ಕೆಲಸಕ್ಕೆ ಯಾವ ಒಡೆಯನ ಅಪ್ಪಣೆಯೂ ಬೇಕಿಲ್ಲ.