ಓಟಗಾರನ ವ್ರತ ಮತ್ತು ಪಾರಣೆ
(ಬಾನುಲಿ ಭಾಷಣ)



ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಓಟದ ಬಗ್ಗೆ ಮಾತನಾಡಲು ಏನು ಅಧಿಕಾರವಿದೆ ಎಂದು ತಾವು ಕೇಳಬಹುದು. ಬಸ್ಸು ತಪ್ಪೀತೆಂಬ ಭಯದಿಂದಲ್ಲದೆ ಬೇರೆ ಯಾವ ಕಾರಣಕ್ಕೂ ನಾನು ಓಡಿದವನಲ್ಲ. ಆದರೆ ದೂರದ ಓಟವನ್ನೇ ಬದುಕಾಗಿ ಹಿಡಿದ ಒಬ್ಬ ತರುಣನಿಗೆ ಹಿಂದೊಮ್ಮೆ ನಾನು ಉಪದೇಶ ಮಾಡಿದ್ದೆ. ಅದು ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪಿದ ಅರ್ಧವನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಇಂದಿನ ಈ ಕೆಲವು ನಿಮಿಷಗಳನ್ನು ಬಳಸಿಕೊಳ್ಳುತ್ತಿದ್ದೇನೆ.

ಅಂಕೋಲೆಯ ಸಮೀಪದ ಬೆಳಂಬಾರ ಕಡಲ ದಡದ ಊರು. ಹಾಲಕ್ಕಿ ಒಕ್ಕಲಿಗರ ಕೇರಿಗಳು, ಗದ್ದೆ, ತೆಂಗು, ಅದರಾಚೆಗೆ ಮರಳು, ಮರಳಿನಾಚೆಗೆ ಅರಬ್ಬಿ ಸಮುದ್ರ. ಅಲ್ಲಿಯ ಮೀನುಗಾರರ ಮನೆಯ ಹುಡುಗನೊಬ್ಬ ನನ್ನ ತರಗತಿಗೆ ಬರುತ್ತಿದ್ದ. ಕೆಲವು ದಿನ ಮೊದಲ ಪಾಠಕ್ಕೆ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುವನು. ಕಾಲ್ಬೆರಳ ಸಂದಿಯಲ್ಲಿ ಮರಳು ಅಂಟಿರುವುದು. ಒಂದು ದಿನ ಗದರಿಸಿ ಕೇಳಿದೆ. "ಇಳಿತ ಇವತ್ತು ತಡ ಆಯ್ತು, ಸರ್" ಎಂದ. ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನೀರು ಇಳಿದ ಹೊತ್ತಿನಲ್ಲಿ ಮಾತ್ರ ದಡದ ಮರಳು ಗಟ್ಟಿಯಾಗಿ ಓಡಲು ಒದಗುತ್ತದೆ. ಆ ಇಳಿತವೋ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಹುಡುಗನ ವೇಳಾಪಟ್ಟಿಯನ್ನು ಕಾಲೇಜಿನ ಗಂಟೆ ಬರೆದಿರಲಿಲ್ಲ, ಕಡಲು ಬರೆದಿತ್ತು. ಕೆಲವು ದಿನ ನಸುಕಿನಲ್ಲಿ, ಕೆಲವು ದಿನ ಸಂಜೆ, ಹತ್ತು ಹನ್ನೆರಡು ಕಿಲೋಮೀಟರು. ಯಾರೂ ಹೇಳಿಕೊಟ್ಟದ್ದಲ್ಲ. ಓಡಿ ಬಂದು ಅಪ್ಪನ ಜೊತೆ ಬಲೆ ಎಳೆಯುವನು, ಕುಚಲಕ್ಕಿ ಗಂಜಿ ಉಣ್ಣುವನು, ಬಸ್ಸು ಹತ್ತುವನು. ಯಕ್ಷಗಾನವಿದ್ದರೆ ರಾತ್ರಿಯೆಲ್ಲ ಅದರ ಮುಂದೆ ಕುಳಿತು ಮರುದಿನ ಓಟಕ್ಕೆ ರಜೆ ಹಾಕುವನು.

ಅವನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಪದಕ ತಂದಾಗ ಊರಿಗೆ ಊರೇ ಹಿಗ್ಗಿತು. ಓಟವನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಅವನ ಮನಸ್ಸು. ನನ್ನಲ್ಲಿ ಸಲಹೆ ಕೇಳಲು ಬಂದ. ನನಗೋ ಪಾಠ ಹೇಳುವ ಚಟ. ಪಾರ್ಥನ ತಪಸ್ಸು, ಏಕಲವ್ಯನ ಸಾಧನೆ ಎಲ್ಲವನ್ನೂ ಅವನ ಮುಂದೆ ಹರಡಿದೆ. "ಜಾತ್ರೆ ಬಿಡು, ಬಂಡಿಹಬ್ಬ ಬಿಡು, ಸುಗ್ಗಿ ಬಿಡು, ಯಕ್ಷಗಾನದ ರಾತ್ರಿಗಳನ್ನು ಬಿಡು. ದೊಡ್ಡದನ್ನು ಹಿಡಿಯಬೇಕಾದರೆ ಸಣ್ಣದನ್ನೆಲ್ಲ ಬಿಡಬೇಕು" ಎಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಹೋದ.

ಈ ವೃತ್ತಿಯ ಸ್ವರೂಪವನ್ನು ಸ್ವಲ್ಪ ನೋಡೋಣ. ಓಟದಿಂದ ಹೊಟ್ಟೆ ಹೊರೆಯುವುದನ್ನು ಜಗತ್ತು ಬಹುಕಾಲ ಅಪರಾಧವೆಂದೇ ಎಣಿಸಿತ್ತು. ಒಂಬತ್ತು ಒಲಿಂಪಿಕ್ ಚಿನ್ನಗಳನ್ನು ಗೆದ್ದ ಫಿನ್ಲೆಂಡಿನ ಪಾವೊ ನುರ್ಮಿಯನ್ನು, ಓಟಕ್ಕೆ ಹಣ ಪಡೆದನೆಂಬ ಆರೋಪದ ಮೇಲೆ, 1932ರ ಲಾಸ್ ಏಂಜಲೀಸ್ ಕೂಟದಿಂದ ಹೊರಗಿಟ್ಟರು. 1980ರ ದಶಕದಲ್ಲಿ ಆ ನಿಯಮಗಳು ಸಡಿಲವಾದವು. ನಮ್ಮ ದೇಶದಲ್ಲಿ ದೂರದ ಓಟಗಾರನಿಗೆ ಅನ್ನ ಕೊಟ್ಟವು ಮುಖ್ಯವಾಗಿ ಸೇನೆ, ರೈಲ್ವೆ, ಪೊಲೀಸು ಇಲಾಖೆಗಳು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಹನ್ನೊಂದನೆಯವನಾಗಿ ಬಂದ ಶಿವನಾಥ ಸಿಂಗ್ ಸೇನೆಯವರು. 1978ರಲ್ಲಿ ಜಲಂಧರದಲ್ಲಿ ಅವರು 2 ಗಂಟೆ 12 ನಿಮಿಷದಲ್ಲಿ ಓಡಿದ್ದು ನಾಲ್ಕು ದಶಕ ಕಳೆದರೂ ಭಾರತೀಯರಿಗೆ ಮುರಿಯಲಾಗದ ದಾಖಲೆಯಾಗಿ ನಿಂತಿತ್ತು.

ಆದರೆ ನಮ್ಮ ನಾಡಿಗೆ ಈ ಕಥೆಯ ಮೊದಲ ಪುಟ ಇನ್ನೂ ಹಿಂದಿನದು. ಬೆಳಗಾವಿಯೂ ನಮ್ಮ ಕಾರವಾರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಹಳ್ಳಿಗಾಡಿನ ರೈತರು ಬಂದು ಬರಿಗಾಲಲ್ಲಿ ಮೈಲಿಗಟ್ಟಲೆ ಓಡುತ್ತಿದ್ದುದನ್ನು ಸರ್ ದೊರಾಬ್ಜಿ ಟಾಟಾ ಕಂಡರು. ಇವರನ್ನು ಒಲಿಂಪಿಕ್ಸಿಗೆ ಏಕೆ ಕಳಿಸಬಾರದೆಂದು ಹೊರಟರು. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಹೋದ ಆ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನಿನ ದೂರ ಎಂದಿಗಿಂತ ಹೆಚ್ಚು, 42.75 ಕಿಲೋಮೀಟರು. ಗೆದ್ದವನು ಫಿನ್ಲೆಂಡಿನ ಹಾನೆಸ್ ಕೋಲೆಮೈನನ್. ನಮ್ಮ ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ಪರದೇಶದ ಹವೆ, ಪರದೇಶದ ಅನ್ನ, ಸುತ್ತ ಪರಭಾಷೆ. ಮಣ್ಣಿನ ದಾರಿಯಲ್ಲಿ ಬೆಳೆದ ಓಟ ಇವುಗಳ ನಡುವೆ ಕಂಗೆಡದೆ ಮುಗಿಯಿತೆಂಬುದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಇಂದಿನ ವೃತ್ತಿಪರ ಓಟಗಾರನ ದಿನಚರಿ ಅಂದಿನದಕ್ಕಿಂತ ಎಷ್ಟೋ ಬಿಗಿಯಾದದ್ದು. ಮ್ಯಾರಥಾನಿಗೆ ಸಿದ್ಧನಾಗುವವನು ವಾರಕ್ಕೆ 160ರಿಂದ 200 ಕಿಲೋಮೀಟರು ಓಡುತ್ತಾನೆ. ಬೆಳಕು ಹರಿಯುವ ಮುನ್ನ ಒಂದು ಓಟ, ಸಂಜೆ ಇನ್ನೊಂದು. ನಡುವೆ ಊಟ, ನಿದ್ದೆ, ಮೈಯುಜ್ಜುವಿಕೆ. ನಮ್ಮ ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು ಸುಮಾರು 30 ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತ ಬರುತ್ತದೆ. ಉಳಿದ 12 ಕಿಲೋಮೀಟರು ಯಾವ ಬಲದ ಮೇಲೆ ಸಾಗಬೇಕೆಂಬುದನ್ನು ತಿಂಗಳುಗಟ್ಟಲೆ ಮೈಗೆ ಕಲಿಸಬೇಕು. ಇಲ್ಲಿ ಹೊರಗಿನವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ದೊಡ್ಡ ಓಟಗಾರರ ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ನಿಧಾನದ್ದು, ಜೊತೆಯವನೊಡನೆ ಮಾತಾಡುತ್ತ ಓಡುವಷ್ಟು ನಿಧಾನದ್ದು. ಮೈ ಗಟ್ಟಿಯಾಗುವುದು ಓಡುವಾಗಲ್ಲ, ಓಡಿ ಮಲಗಿದಾಗ. ಓಟ ಎಲುಬಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಗಾಯಗಳನ್ನು ಮಾಡುತ್ತದೆ. ವಿಶ್ರಾಂತಿ ಅವನ್ನು ತುಂಬಿ, ಮೊದಲಿಗಿಂತ ಬಲವಾಗಿ ಕಟ್ಟುತ್ತದೆ. ತುಂಬುವ ಮೊದಲೇ ಮತ್ತೆ ಓಡಿದರೆ ಗಾಯ ಬಿರುಕಾಗುತ್ತದೆ. ತೂಕ ಇಳಿಸುವ ಹಟದಲ್ಲಿ ಊಟ ಕಡಿಮೆ ಮಾಡಿದ ಓಟಗಾರ್ತಿಯರಲ್ಲಿ ಮುಟ್ಟು ನಿಂತು, ಎಳೆಯ ವಯಸ್ಸಿನಲ್ಲೇ ಎಲುಬು ಸವೆಯುವುದನ್ನು ವೈದ್ಯರು ಎಚ್ಚರಿಸಿ ಹೇಳುತ್ತಾರೆ. ಇದನ್ನು ಶಿಸ್ತೆಂದು ಹೊಗಳುವ ಹಿರಿಯರು ಸ್ವಲ್ಪ ತಡೆದು ಯೋಚಿಸಬೇಕು.

ಇದೊಂದೂ ನನಗೆ ಆಗ ತಿಳಿದಿರಲಿಲ್ಲ. ನನ್ನ ಶಿಷ್ಯ ದೂರದ ಪಟ್ಟಣವೊಂದರಲ್ಲಿ ಕ್ರೀಡಾ ಮೀಸಲಿನ ನೌಕರಿ ಹಿಡಿದ. ಮೂರು ವರ್ಷ ಒಂದು ಹಬ್ಬಕ್ಕೂ ಊರಿಗೆ ಬರಲಿಲ್ಲ. ಅನ್ನವನ್ನು ತೂಗಿ ಉಂಡ. ಅಕ್ಕನ ಮದುವೆಗೆ ಬಂದವನು ಧಾರೆ ಮುಗಿದದ್ದೇ ತಡ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದನಂತೆ. ಮರುದಿನ ಬೆಳಗಿನ ಓಟ ತಪ್ಪಬಾರದಲ್ಲ! ಈ ಸುದ್ದಿ ಕೇಳಿ ನಾನು ಅಧ್ಯಾಪಕರ ಕೋಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಕಾಲು ನೋಯಲು ತೊಡಗಿದಾಗ ನೋವನ್ನು ಗೆಲ್ಲುವುದೇ ಸಾಧನೆಯೆಂದು ತಿಳಿದು ಅವನು ಇನ್ನಷ್ಟು ಓಡಿದ. ಮೇಲಿನವರಿಗೆ ಬೇಕಾದದ್ದು ಪದಕ. ನಿಲ್ಲು ಎನ್ನುವವರು ಯಾರೂ ಇರಲಿಲ್ಲ. ಕೊನೆಗೆ ಮೊಣಕಾಲಿನ ಕೆಳಗಿನ ಎಲುಬು ಬಿರಿಯಿತು.

ಅವನು ಊರಿಗೆ ಬಂದಿದ್ದಾನೆಂದು ಕೇಳಿ ನೋಡಲು ಹೋದೆ. ಅಂಗಳದಲ್ಲಿ ಕಾಲು ಚಾಚಿ ಕುಳಿತಿದ್ದ. ಕಡಲ ಸದ್ದು ಕೇಳುತ್ತಿತ್ತು. ಅವನ ಮುಖ ಆ ಕಡೆಗಿರಲಿಲ್ಲ. "ನೀವು ಹೇಳಿದ್ದನ್ನೆಲ್ಲ ಬಿಟ್ಟೆ, ಸರ್" ಎಂದ. ದೂರುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ. ಮೂವತ್ತು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನನ್ನನ್ನು ಅಷ್ಟು ಚುಚ್ಚಿದ ಮಾತು ಇನ್ನೊಂದಿಲ್ಲ.

ಅವನ ತಾಯಿ ನನಗೆ ಚಹ ತಂದಿಟ್ಟು ಬಾಗಿಲ ಬಳಿ ನಿಂತಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ಮಾಸ್ತರೇ, ಮಳೆಗಾಲದಲ್ಲಿ ಕಡಲಿಗೇ ಎರಡು ತಿಂಗಳು ರಜೆ ಕೊಡ್ತಾರೆ. ನನ್ನ ಮಗನ ಕಾಲಿಗೆ ಒಂದು ದಿನದ ರಜೆ ಯಾರೂ ಕೊಡಲಿಲ್ಲ" ಎಂದಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಕಾಲವದು. ಸರಕಾರ ಕಾಯಿದೆ ಮಾಡುವ ಮೊದಲೂ ಮಳೆಗಾಲದ ಕಡಲಿಗೆ ಇಳಿಯಬಾರದೆಂಬ ಕಟ್ಟು ಮೀನುಗಾರರಲ್ಲಿತ್ತು. ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮತ್ತೆ ದೋಣಿ ಇಳಿಸುತ್ತಿದ್ದರು. ಆ ಎರಡು ತಿಂಗಳು ಅವರು ಸೋಮಾರಿಗಳಾಗಿ ಕೂತಿರಲಿಲ್ಲ. ಬಲೆ ಹೆಣೆದರು, ದೋಣಿಗೆ ಎಣ್ಣೆ ಹಚ್ಚಿದರು. ವಿರಾಮವೂ ಕಸುಬಿನ ಶಿಸ್ತಿನೊಳಗೇ ಸೇರಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ವ್ರತ ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಲ ಬಳಸಿದ್ದೆ! ಏಕಾದಶಿಯ ಉಪವಾಸ ಎಷ್ಟು ಮುಖ್ಯವೋ ದ್ವಾದಶಿಯ ಪಾರಣೆಯೂ ಅಷ್ಟೇ ಮುಖ್ಯ. ಸಕಾಲಕ್ಕೆ ಪಾರಣೆ ಮಾಡದಿದ್ದರೆ ಉಪವಾಸದ ಫಲವೇ ಇಲ್ಲವೆಂದು ನಮ್ಮ ಹಿರಿಯರು ನಂಬಿದ್ದರು. ಭಗವದ್ಗೀತೆಯ ಆರನೆಯ ಅಧ್ಯಾಯವು ಧ್ಯಾನದ ಜೊತೆಗೆ ಯೋಗಿಯ ಊಟ ನಿದ್ದೆಗಳ ಅಳತೆಯನ್ನೂ ಹೇಳುತ್ತದೆ. ಅದನ್ನು ಬಲ್ಲ ನಾನೇ ಹುಡುಗನಿಗೆ ಉಪವಾಸವನ್ನು ಮಾತ್ರ ಬೋಧಿಸಿ, ಪಾರಣೆಯನ್ನು ಮರೆತಿದ್ದೆ.

ಹಾಗಾದರೆ ಶಿಸ್ತೇ ಬೇಡವೇ? ಆ ಮಾತನ್ನು ನಾನು ಹೇಳುವುದಿಲ್ಲ. ಕೀನ್ಯದ ಸ್ಯಾಮ್ಯುವೆಲ್ ವಾಂಜಿರು ಹದಿಹರೆಯದಲ್ಲೇ ಜಪಾನಿಗೆ ಹೋಗಿ ಅಲ್ಲಿಯ ಕಟ್ಟುನಿಟ್ಟಿನಲ್ಲಿ ಬೆಳೆದವನು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ಬೇಸಗೆಯ ಬಿಸಿಲಿನಲ್ಲಿ, 2 ಗಂಟೆ 6 ನಿಮಿಷ 32 ಸೆಕೆಂಡುಗಳಲ್ಲಿ ಮ್ಯಾರಥಾನು ಗೆದ್ದ. ಆಮೇಲೆ ಹಣ ಬಂತು, ಬಂಧುಬಳಗ ಮುತ್ತಿತು, ಕುಡಿತ ಅಂಟಿತು. 2011ರ ಮೇ ತಿಂಗಳಲ್ಲಿ ಮನೆಯ ಮಹಡಿಯಿಂದ ಬಿದ್ದು ತೀರಿಕೊಂಡ. ಆಗ ವಯಸ್ಸು 24. ಅವನ ಕಥೆಗೂ ಬೆಳಂಬಾರದ ಹುಡುಗನ ಕಥೆಗೂ ಮೇಲುನೋಟಕ್ಕೆ ಸಂಬಂಧವಿಲ್ಲ. ಒಬ್ಬನಿಗೆ ನಿಯಮ ತಪ್ಪಿತು, ಇನ್ನೊಬ್ಬನಿಗೆ ನಿಯಮವೇ ಅತಿಯಾಯಿತು. ಆದರೂ ನನಗೆ ಎರಡರಲ್ಲೂ ಕಾಣುವ ಕೊರತೆ ಒಂದೇ. ಶಿಸ್ತು ಹೊರಗಿನಿಂದ ಬಂದು ಬದುಕಿನ ಪಕ್ಕದಲ್ಲಿ ನಿಂತಿತು; ಬದುಕಿನೊಳಗೆ ಬೇರು ಬಿಡಲಿಲ್ಲ.

ಅದೇ ಕೀನ್ಯದ ಎಲಿಯುಡ್ ಕಿಪ್ಚೋಗೆ ಎರಡು ಒಲಿಂಪಿಕ್ ಮ್ಯಾರಥಾನುಗಳನ್ನು ಗೆದ್ದವನು. 2019ರಲ್ಲಿ ವಿಯೆನ್ನಾದಲ್ಲಿ, ಅಧಿಕೃತ ದಾಖಲೆಗೆ ಸೇರದ ವಿಶೇಷ ಓಟವೊಂದರಲ್ಲಿ, ಎರಡು ಗಂಟೆಯೊಳಗೆ ಆ ದೂರವನ್ನು ಕ್ರಮಿಸಿದ ಮೊದಲ ಮನುಷ್ಯ. ಕೋಟಿಗಳ ಒಡೆಯನಾದ ಮೇಲೂ ಕಪ್ತಗಾಟ್ ಎಂಬ ಹಳ್ಳಿಯ ಸರಳ ಶಿಬಿರದಲ್ಲಿ ಜೊತೆಯವರೊಡನೆ ಇದ್ದು, ತನ್ನ ಸರದಿ ಬಂದಾಗ ಕಸ ಗುಡಿಸಿ ಶೌಚಾಲಯ ತೊಳೆಯುತ್ತಿದ್ದವನು. ವಾರದ ಕೊನೆಗೆ ಹೆಂಡತಿ ಮಕ್ಕಳ ಬಳಿಗೆ ಮನೆಗೆ ಹೋಗುತ್ತಿದ್ದವನು. ಅವನ ನಿಯಮದಲ್ಲಿ ಗೆಳೆಯರಿದ್ದರು, ಮನೆಯಿತ್ತು, ಮರಳಿ ಬರುವ ದಿನವಿತ್ತು.

ಇದರಲ್ಲಿ ಓಟಗಾರನ ಹೊಣೆ ಎಷ್ಟೋ ಅವನ ಸುತ್ತಲಿನವರ ಹೊಣೆಯೂ ಅಷ್ಟೇ. ನಮ್ಮ ಜಿಲ್ಲೆಯ ಕಾಡಿನಲ್ಲಿ ಬೆಳೆದ ಸಿದ್ದಿ ಮಕ್ಕಳನ್ನು 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆರಿಸಿ, ಮನೆಯಿಂದ ದೂರದ ಕೇಂದ್ರಗಳಲ್ಲಿ ತರಬೇತಿ ಕೊಡತೊಡಗಿತು. ಕೆಲವರು ದೇಶಕ್ಕಾಗಿ ಓಡಿದರು. 1993ರಲ್ಲಿ ಆ ಯೋಜನೆ ನಿಂತಿತು. ಮಕ್ಕಳ ಹಳೆಯ ಬದುಕನ್ನು ಬಿಡಿಸಿ ಹೊಸ ನಿಯಮ ಕೊಟ್ಟವರು ಅರ್ಧ ದಾರಿಯಲ್ಲಿ ಆ ನಿಯಮವನ್ನೂ ಹಿಂದೆಗೆದುಕೊಂಡರೆ ಆ ಮಕ್ಕಳು ಎಲ್ಲಿ ನಿಲ್ಲಬೇಕು? ಶಿಸ್ತನ್ನು ಬೇಡುವವರು ಪದಕದಾಚೆಗಿನ ಬದುಕಿಗೂ ಜವಾಬ್ದಾರರು.

ನನ್ನ ಶಿಷ್ಯನ ಮಾತು ಮುಗಿಸುತ್ತೇನೆ. ಅವನ ಕಾಲು ಕೂಡಲು ತಿಂಗಳುಗಳು ಹಿಡಿದವು. ತಾಯಿಯ ಗಂಜಿ, ಬಂಗಡೆ ಸಾರು, ಹೊಟ್ಟೆ ತುಂಬ ನಿದ್ದೆ. ಮೊದಲು ಮರಳಿನ ಮೇಲೆ ನಡೆದ, ಮತ್ತೆ ದಡದಲ್ಲಿ ನಿಂತು ಬಲೆಯ ಹಗ್ಗ ಹಿಡಿದ, ಬಹಳ ದಿನಗಳ ಮೇಲೆ ಮೆಲ್ಲಗೆ ಓಡಿದ. ಆ ವರ್ಷದ ಹೋಳಿ ಹುಣ್ಣಿಮೆಗೆ ಹಾಲಕ್ಕಿಗಳ ಸುಗ್ಗಿ ಮನೆಯಿಂದ ಮನೆಗೆ ಕುಣಿದು ಬಂದಾಗ ಅವನು ಅಂಗಳದಲ್ಲಿ ನಿಂತು ಕಣ್ತುಂಬ ನೋಡಿದನೆಂದು ತಾಯಿ ಹೇಳಿದಳು. ಮರಳಿ ನೌಕರಿಗೆ ಹೋಗಿ ಇನ್ನೂ ಕೆಲವು ವರ್ಷ ಓಡಿದ. ರಾಷ್ಟ್ರಮಟ್ಟದಲ್ಲಿ ಅವನ ಹೆಸರು ಮೇಲೇರಲಿಲ್ಲ; ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಬೇರೆ ಮಾತು ಹೇಳಿದ್ದರೆ ಏರುತ್ತಿತ್ತೇ? ಆ ಪ್ರಶ್ನೆ ನನ್ನ ಪಾಲಿಗೆ ಉಳಿದಿದೆ.

ಈಗ ಅವನು ರಜೆಯಲ್ಲಿ ಬಂದಾಗಲೆಲ್ಲ ಊರಿನ ಏಳೆಂಟು ಮಕ್ಕಳನ್ನು ಮರಳಿನ ಮೇಲೆ ಓಡಿಸುತ್ತಾನೆ. ಹೋದ ಸಲ ನಾನೂ ದಡದಲ್ಲಿ ಕುಳಿತು ನೋಡಿದೆ. ನೀರು ಏರತೊಡಗಿತ್ತು. ಮಕ್ಕಳಿಗೆ ಇನ್ನೂ ಓಡುವ ಹುಮ್ಮಸ್ಸು. "ಇವತ್ತಿಗೆ ಸಾಕು, ಮನೆಗೆ ಹೋಗಿ ಉಂಡು ಮಲಗಿ. ನಾಳೆ ಇಳಿತಕ್ಕೆ ಬನ್ನಿ" ಎಂದ. ಒಬ್ಬ ಸಣ್ಣವನು ಒಪ್ಪದೆ ಹಟ ಹಿಡಿದ. ಅವನ ತಲೆ ಸವರಿ ಹೇಳಿದ: "ಉಂಡು ಮಲಗುವುದೂ ಓಟವೇ ಕಣೋ."

ನಾನು ಹೇಳಬೇಕಾಗಿದ್ದ ಪಾಠವನ್ನು ನನ್ನ ಶಿಷ್ಯ ಹೇಳುತ್ತಿದ್ದ. ನಾನು ಕೇಳಿಸಿಕೊಂಡು ಕುಳಿತೆ.