ಸಹಿಯೂ ಒಂದು ಸಾಕ್ಷ್ಯ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದರ(ಸ) ಮೇಲೆ, ಅವರ ಕುಟುಂಬ ಮತ್ತು ಅನುಚರರ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಮೊದಲು ನನಗೆ, ಆಮೇಲೆ ನಿಮಗೆ ನನ್ನ ಉಪದೇಶ ಇದು: ಎಲ್ಲ ಸ್ಥಿತಿಯಲ್ಲೂ ಅಲ್ಲಾಹನ ಭಯವಿರಲಿ.

ಸಹೋದರರೇ, ತಖ್ವಾ ಎಂದಾಕ್ಷಣ ನಮಗೆ ನಮಾಝ್, ಉಪವಾಸ, ತಸ್ಬೀಹ್ ನೆನಪಾಗುತ್ತವೆ. ಇವತ್ತು ನಾನು ನಿಮ್ಮನ್ನು ಬೇರೊಂದು ಜಾಗಕ್ಕೆ ಕರೆದೊಯ್ಯುತ್ತೇನೆ. ಅದು ನಮ್ಮ ಫ್ಲ್ಯಾಟ್‌ಗಳ ತುದಿಯಲ್ಲಿರುವ, ನಮ್ಮಲ್ಲಿ ಹೆಚ್ಚಿನವರು ಒಮ್ಮೆಯೂ ಕಾಲಿಡದ ಲಿಫ್ಟ್‌ನ ಯಂತ್ರದ ಕೋಣೆ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಊರುಗಳಲ್ಲಿ ಎದ್ದ ಕಟ್ಟಡಗಳ ಲಿಫ್ಟ್‌ಗಳಿಗೆ ಈಗ ವಯಸ್ಸಾಗಿದೆ. ಅನೇಕ ಕಡೆ ಅವುಗಳನ್ನು ನವೀಕರಿಸುವ ಕೆಲಸ ನಡೆಯುತ್ತಿದೆ. ಆ ಕಟ್ಟಡಗಳಲ್ಲಿ ವಾಸಿಸುವವರು ಈ ಸಫ್‌ಗಳಲ್ಲಿದ್ದಾರೆ. ಆ ಕೆಲಸ ಮಾಡುವ ಯುವಕರೂ ಇದ್ದಾರೆ. ಊರಲ್ಲಿ ಕೆಲಸ ಕಲಿತು ಗಲ್ಫ್‌ಗೆ ಹೋಗಿ ದುಡಿಯುವ ಮಕ್ಕಳ ತಂದೆಯಂದಿರೂ ಇದ್ದಾರೆ. ಆದ್ದರಿಂದ ಇದು ಮಿಂಬರಿಗೆ ಸಂಬಂಧವಿಲ್ಲದ ವಿಷಯವಲ್ಲ.

ಪವಿತ್ರ ಕುರ್‌ಆನ್‌ನ ಸಬಾ ಅಧ್ಯಾಯದಲ್ಲಿ ಪ್ರವಾದಿ ದಾವೂದರ(ಅ) ಉಲ್ಲೇಖವಿದೆ. ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನು. ಯುದ್ಧ ಕವಚ ಮಾಡಲು ಹೇಳಿದನು. ಅಷ್ಟಕ್ಕೇ ನಿಲ್ಲಿಸದೆ, ಅದರ ಕೊಂಡಿಗಳನ್ನು ಅಳತೆಯಿಂದ ಜೋಡಿಸಬೇಕೆಂದೂ ಆಜ್ಞಾಪಿಸಿದನು. ಮೊಳೆ ತೆಳುವಾದರೆ ಕೊಂಡಿ ಸಡಿಲವಾಗುತ್ತದೆ, ದಪ್ಪವಾದರೆ ಕೊಂಡಿಯೇ ಒಡೆಯುತ್ತದೆ ಎಂದು ವ್ಯಾಖ್ಯಾನಕಾರರು ಇದನ್ನು ವಿವರಿಸಿದ್ದಾರೆ. ಯೋಚಿಸಿ ನೋಡಿ. ಒಬ್ಬ ಪ್ರವಾದಿಗೆ ಕಮ್ಮಾರಸಾಲೆಯ ಅಳತೆಯ ಪಾಠ! ಅದರ ಬೆನ್ನಿಗೇ ಸತ್ಕರ್ಮದ ಆದೇಶವಿದೆ, ನೀವು ಮಾಡುವುದನ್ನು ಅಲ್ಲಾಹನು ನೋಡುತ್ತಿದ್ದಾನೆ ಎಂಬ ನೆನಪೂ ಇದೆ. ಕವಚ ತೊಡುವವನು ಪ್ರತಿ ಕೊಂಡಿಯನ್ನು ಪರೀಕ್ಷಿಸಲಾರ. ಅವನು ಮಾಡಿದವನನ್ನು ನಂಬುತ್ತಾನೆ. ಆ ನಂಬಿಕೆಯೇ ಅಮಾನತ್.

ಲಿಫ್ಟ್‌ಗೂ ಇದೇ ಮಾತು. ನಮ್ಮ ತಾಯಿ, ನಮ್ಮ ಮಗು ಒಂದು ಪೆಟ್ಟಿಗೆಯೊಳಗೆ ಕಾಲಿಡುತ್ತಾರೆ. ಅದು ತಂತಿಹಗ್ಗಗಳಲ್ಲಿ ತೂಗುತ್ತಿದೆ. 1853ರಲ್ಲಿ ಅಮೆರಿಕದ ಎಲಿಷಾ ಓಟಿಸ್ ಎಂಬವರು ಹಗ್ಗ ಕಡಿದರೂ ಲಿಫ್ಟ್ ಬೀಳದಂತೆ ಹಿಡಿದು ನಿಲ್ಲಿಸುವ ಸಾಧನವನ್ನು ರೂಪಿಸಿದರು. 1857ರಲ್ಲಿ ನ್ಯೂಯಾರ್ಕ್‌ನ ಒಂದು ಅಂಗಡಿ ಕಟ್ಟಡದಲ್ಲಿ ಜನರನ್ನು ಒಯ್ಯುವ ಲಿಫ್ಟ್ ಓಡಿತು. ಇಂದಿನ ಲಿಫ್ಟ್‌ಗೆ ಒಂದೇ ಹಗ್ಗವಿರುವುದಿಲ್ಲ, ಹಲವು ಇರುತ್ತವೆ. ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಭಾಗ ಅದನ್ನು ಗುರುತಿಸುತ್ತದೆ. ಆಗ ಲಿಫ್ಟ್‌ನ ಕೆಳಗಿರುವ ಇಕ್ಕಳಗಳು ಹಳಿಯನ್ನು ಕಚ್ಚಿ ಹಿಡಿಯುತ್ತವೆ. ಆದ್ದರಿಂದ ಸಿನಿಮಾದಲ್ಲಿ ತೋರಿಸುವಂತೆ ಹಗ್ಗ ಕಡಿದು ಲಿಫ್ಟ್ ಕೆಳಗೆ ಬೀಳುವುದು ಬಹಳ ಅಪರೂಪ. ಅಪಾಯ ಹೆಚ್ಚಾಗಿ ಇರುವುದು ಬಾಗಿಲಿನಲ್ಲಿ. ಬಾಗಿಲು ತೆರೆದಿದೆ, ಲಿಫ್ಟ್ ಅಲ್ಲಿಲ್ಲ. ಅಥವಾ ಒಬ್ಬರು ಒಳಗೆ ಕಾಲಿಡುತ್ತಿರುವಾಗಲೇ ಲಿಫ್ಟ್ ಚಲಿಸುತ್ತದೆ.

ಇದನ್ನು ತಡೆಯಲು ಪ್ರತಿ ಮಹಡಿಯ ಬಾಗಿಲಿಗೂ ಒಂದು ಬೀಗ, ಅದರಲ್ಲೊಂದು ವಿದ್ಯುತ್ ಸಂಪರ್ಕ ಇರುತ್ತದೆ. ಎಲ್ಲ ಬಾಗಿಲುಗಳ ಸಂಪರ್ಕವೂ ಸರಪಳಿಯಂತೆ ಒಂದಕ್ಕೊಂದು ಜೋಡಿಕೊಂಡಿದೆ. ಒಂದು ಬಾಗಿಲು ತೆರೆದರೂ ಸರಪಳಿ ಕಡಿದು ಲಿಫ್ಟ್ ನಿಲ್ಲಬೇಕು. ದೋಷ ಹುಡುಕುವಾಗ ಕೆಲವರು ಒಂದು ತುಂಡು ವಯರ್ ಹಾಕಿ ಈ ಸರಪಳಿಯನ್ನು ದಾಟಿಸುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ, ಅಥವಾ ಲಿಫ್ಟ್ ಓಡುತ್ತಿದ್ದರೆ ಸಾಕೆಂದು ಬೇಕಂತಲೇ ಬಿಟ್ಟರೆ, ಆ ಲಿಫ್ಟ್ ಬಾಗಿಲು ತೆರೆದೇ ಓಡುತ್ತದೆ. ಒಂದು ಗೇಣು ವಯರ್ ಒಂದು ಜೀವವನ್ನು ಕಸಿಯಬಲ್ಲದು. ಒಂದು ಜೀವವನ್ನು ಅನ್ಯಾಯವಾಗಿ ತೆಗೆದವನು ಮಾನವಕುಲವನ್ನೇ ಕೊಂದಂತೆ, ಒಂದು ಜೀವವನ್ನು ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಎಂದು ಕುರ್‌ಆನ್ ಕಲಿಸುತ್ತದೆ. ಆ ವಯರನ್ನು ನೆನಪಿಟ್ಟು ತೆಗೆಯುವ ಕೈ ಯಾರ ಜೀವ ಉಳಿಸಿತೆಂದು ಈ ಲೋಕದಲ್ಲಿ ಯಾರಿಗೂ ಗೊತ್ತಾಗದು. ಅಲ್ಲಾಹನಿಗೆ ಗೊತ್ತು.

ಕೆಲವು ತಿಂಗಳ ಹಿಂದೆ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ಯುವಕ ನನ್ನ ಬಳಿ ಬಂದ. ಲಿಫ್ಟ್ ಸರ್ವಿಸ್ ಅವನ ಕೆಲಸ. "ಉಸ್ತಾದ್, ನನಗೆ ಒಂದು ದಿನಕ್ಕೆ ಕೊಡುವಷ್ಟು ಲಿಫ್ಟ್‌ಗಳನ್ನು ಒಬ್ಬನೇ ಸರಿಯಾಗಿ ನೋಡಲು ಆಗುವುದಿಲ್ಲ. ಬ್ರೇಕ್, ಹಗ್ಗ, ಬಾಗಿಲಿನ ಬೀಗ, ಎಲ್ಲದಕ್ಕೂ ಪಟ್ಟಿಯಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿ ಬಾ ಎನ್ನುತ್ತಾರೆ. ನನ್ನ ಸಂಬಳ ಹಲಾಲೇ?" ಎಂದು ಕೇಳಿದ.

ನಾನು ಹೇಳಿದೆ: ನೀನು ದುಡಿದದ್ದು ನಿನ್ನ ಹಕ್ಕು. ಆದರೆ ನೋಡದ ಬ್ರೇಕನ್ನು ನೋಡಿದೆ ಎಂದು ಬರೆದ ಸಹಿ ಬರೀ ಶಾಯಿಯಲ್ಲ, ಅದು ಸಾಕ್ಷ್ಯ. ಪ್ರವಾದಿವರ್ಯರು(ಸ) ಮಹಾಪಾಪಗಳನ್ನು ಎಣಿಸುತ್ತಿದ್ದಾಗ ಒರಗಿ ಕುಳಿತಿದ್ದರು. ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರು. ಇನ್ನು ನಿಲ್ಲಿಸಬಾರದೇ ಎಂದು ಸಹಾಬಿಗಳಿಗೆ ಅನಿಸುವಷ್ಟು ಸಲ ಹೇಳಿದರು. ಸುಳ್ಳು ಸಾಕ್ಷ್ಯಕ್ಕೆ ಕೋರ್ಟಿನ ಕಟಕಟೆಯೇ ಬೇಕೆಂದಿಲ್ಲ, ಯಂತ್ರದ ಕೋಣೆಯಲ್ಲಿ ತೂಗುಹಾಕಿದ ಸರ್ವಿಸ್ ಪುಸ್ತಕವೂ ಸಾಕು. ನೋಡಿದ್ದನ್ನು ನೋಡಿದೆ ಎಂದು ಬರೆ, ನೋಡದ್ದನ್ನು ನೋಡಿಲ್ಲ ಎಂದು ಬರೆ.

ಅವನು ಹಾಗೆಯೇ ಬರೆದ. ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಾಗಲಿಲ್ಲ. ಎರಡು ತಿಂಗಳು ಮನೆಯಲ್ಲಿ ಕಷ್ಟವಾಯಿತು. ಈಗ ಬೇರೆ ಕಡೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದಾನೆ. ಸತ್ಯ ಹೇಳಿದವನಿಗೆ ಮರುದಿನವೇ ಹೆಚ್ಚು ಸಂಬಳ ಸಿಕ್ಕಿತು ಎಂಬ ಕತೆ ನನ್ನ ಬಳಿ ಇಲ್ಲ. ಆದರೆ ಒಂದು ಮಾತು ನಿಮಗೆ ಹೇಳುತ್ತೇನೆ. ಅವನಿಗೆ ಸತ್ಯ ಬರೆಯಲು ಹೇಳುವುದು ಸುಲಭ. ಅವನ ಮನೆಯ ಅಕ್ಕಿ ಮುಗಿದಾಗ ವಿಚಾರಿಸುವುದು ಈ ಜಮಾಅತಿನ ಹೊಣೆ. ಒಬ್ಬನು ನಮ್ಮೆಲ್ಲರ ಮಕ್ಕಳ ಜೀವಕ್ಕಾಗಿ ತನ್ನ ಅನ್ನವನ್ನು ಪಣಕ್ಕಿಟ್ಟಾಗ ನಾವು ಬರೀ ಮಾಷಾ ಅಲ್ಲಾಹ್ ಎಂದು ಮನೆಗೆ ಹೋಗಬಾರದು.

ಕೆಲಸ ಮಾಡಿಸುವವರಿಗೂ ಒಂದು ಮಾತಿದೆ. ಕೈಕೆಳಗಿನವರ ಮೇಲೆ ಅವರ ಶಕ್ತಿ ಮೀರಿದ ಹೊರೆ ಹಾಕಬೇಡಿ, ಹಾಕಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿವರ್ಯರ(ಸ) ಆದೇಶ. ಹುಡುಗನಿಗೆ ಬೆಲ್ಟ್, ಹೆಲ್ಮೆಟ್ ಕೊಡದೆ ಬಾವಿಯಂಥ ಆ ಕಂದಕದಲ್ಲಿ ಇಳಿಸುವವನು, ತರಬೇತಿ ಇಲ್ಲದವನನ್ನು ಮೆಕ್ಯಾನಿಕ್ ಎಂದು ಕಳಿಸುವವನು ನಾಳೆ ಪರಲೋಕದಲ್ಲಿ ಉತ್ತರ ಹೇಳಬೇಕು. ವೈದ್ಯ ಗೊತ್ತಿಲ್ಲದೆ ಚಿಕಿತ್ಸೆ ಮಾಡಿದವನೇ ಹಾನಿಗೆ ಹೊಣೆ ಎಂದು ಹದೀಸ್ ಇದೆ. ಯಂತ್ರಕ್ಕೂ ಇದೇ ನ್ಯಾಯ. ದೇಶದ ಕಾನೂನೂ ಸುಮ್ಮನಿಲ್ಲ. ದುಡಿಮೆಯಲ್ಲಿ ಗಾಯಗೊಂಡವರಿಗೆ, ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಿಸಲು ತಂದಿದ್ದ 1923ರ ಕಾಯ್ದೆಯ ಅನುಸೂಚಿಯಲ್ಲೇ ಲಿಫ್ಟ್ ನಡೆಸುವ, ದುರಸ್ತಿ ಮಾಡುವ ಕೆಲಸದ ಉಲ್ಲೇಖವಿತ್ತು. ಅದು ಭಿಕ್ಷೆಯಲ್ಲ, ಹಕ್ಕು.

ಲಿಫ್ಟ್ ಕೆಲಸದ ನನ್ನ ಯುವಕರೇ, ನಿಮಗೂ ಹೇಳಬೇಕು. ಅಲ್ಲಾಹನು ಕಾಯುತ್ತಾನೆ ಎಂದು ಬೆಲ್ಟ್ ಕಟ್ಟದೆ ನಿಲ್ಲುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡಲು ಪ್ರವಾದಿವರ್ಯರು(ಸ) ಕಲಿಸಿದರು. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವವನ ಮೇಲಿನ ರಕ್ಷಣೆಯ ಹೊಣೆ ತಪ್ಪಿಹೋಗುತ್ತದೆ ಎಂದು ಎಚ್ಚರಿಸಿದರು. ಮೈನ್ ಆಫ್ ಮಾಡಿ ಬೀಗ ಹಾಕಿ, ಕೀಲಿಕೈ ನಿಮ್ಮ ಜೇಬಿನಲ್ಲೇ ಇರಲಿ. ಲಿಫ್ಟ್‌ನ ತಲೆಯ ಮೇಲೆ ಹತ್ತುವ ಮೊದಲು ಅಲ್ಲಿಯ ಸ್ಟಾಪ್ ಸ್ವಿಚ್ ಒತ್ತಿ, ಅದು ಕೆಲಸ ಮಾಡುತ್ತದೆಯೇ ನೋಡಿ. ಎದುರಿನಿಂದ ಇಳಿಯುವ ತೂಕದ ಕಡೆ ತಲೆ ಚಾಚಬೇಡಿ. ಒಬ್ಬರೇ ಇಳಿಯಬೇಡಿ. ಬಾಗಿಲು ತೆರೆದಿರುವ ಮಹಡಿಯಲ್ಲಿ ಅಡ್ಡಗಟ್ಟೆ ಇಲ್ಲದೆ ಒಂದು ನಿಮಿಷವೂ ದೂರ ಹೋಗಬೇಡಿ. ರಮಝಾನಿನ ಬಿಸಿಲಲ್ಲಿ ಆ ಕಂದಕದೊಳಗೆ ತಲೆಸುತ್ತು ಬಂದರೆ ಕೆಲಸ ನಿಲ್ಲಿಸಿ ಹೊರಗೆ ಬನ್ನಿ. ಜೀವಕ್ಕೆ ಅಪಾಯವೆನಿಸಿದರೆ ಉಪವಾಸ ಬಿಟ್ಟು ಬೇರೆ ದಿನ ಪೂರೈಸಲು ಶರೀಅತ್ ಅವಕಾಶ ಕೊಟ್ಟಿದೆ.

ಈಗ ನವೀಕರಣದ ವಿಷಯ. ಫ್ಲ್ಯಾಟ್ ಸಂಘದ ಸಭೆಗಳಲ್ಲಿ ಏನು ಚರ್ಚೆಯಾಗುತ್ತದೆ? ಒಳಗೆ ಯಾವ ಬಣ್ಣದ ಸ್ಟೀಲ್, ಎಷ್ಟು ದೊಡ್ಡ ಕನ್ನಡಿ, ನೆಲಕ್ಕೆ ಗ್ರಾನೈಟ್ ಬೇಕೇ. ಕೊನೆಗೆ ಯಾರ ಕೊಟೇಶನ್ ಕಡಿಮೆ. ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆಯಾಗಿತ್ತು. ವಂಚಿಸುವವನು ತಮ್ಮವನಲ್ಲ ಎಂದು ಆ ವ್ಯಾಪಾರಿಗೆ ಹೇಳಿದರು. ಹೊಸ ಕನ್ನಡಿಯ ಹಿಂದೆ ಹಳೆಯ ಬ್ರೇಕ್, ಹೊಸ ಬಟನ್‌ಗಳ ಹಿಂದೆ ಸವೆದ ಹಗ್ಗ ಇದ್ದರೆ ಅದೂ ಒಣ ರಾಶಿಯಡಿಯ ಒದ್ದೆ ಧಾನ್ಯವೇ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಲಿಫ್ಟ್‌ನ ಎದುರು ಬದಿಯಲ್ಲಿ ಒಂದು ತೂಕ ತೂಗುತ್ತಿರುತ್ತದೆ. ಖಾಲಿ ಲಿಫ್ಟ್‌ನ ತೂಕಕ್ಕೆ ಅದು ಹೊರಬಲ್ಲ ಭಾರದ ಸುಮಾರು ಶೇ. 40ರಿಂದ 50ರಷ್ಟು ಸೇರಿಸಿ ಆ ತೂಕವನ್ನು ಇಟ್ಟಿರುತ್ತಾರೆ. ಲೆಕ್ಕ ನೋಡದೆ ಗ್ರಾನೈಟ್ ಮತ್ತು ಕನ್ನಡಿ ಹಾಕಿದರೆ ಆ ತಕ್ಕಡಿ ತಪ್ಪುತ್ತದೆ, ಬ್ರೇಕಿನ ಮೇಲೆ ಹೊರೆ ಬೀಳುತ್ತದೆ. ದಾವೂದರಿಗೆ(ಅ) ಕಲಿಸಿದ ಅಳತೆ ಇಲ್ಲಿಯೂ ಬೇಕು.

ಆದ್ದರಿಂದ ಸಭೆಯಲ್ಲಿ ಹೀಗೆ ಕೇಳಿ: ಬ್ರೇಕ್, ಹಗ್ಗ, ಗವರ್ನರ್, ಬಾಗಿಲಿನ ಬೀಗ, ಇವುಗಳಲ್ಲಿ ಏನೇನು ಬದಲಾಗುತ್ತದೆ? ಕರೆಂಟು ಹೋದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ವ್ಯವಸ್ಥೆ ಇದೆಯೇ? ತೂಕ ಹಾಕಿ ಪರೀಕ್ಷೆ ಮಾಡಿ ತೋರಿಸುತ್ತೀರಾ? ನಮ್ಮ ರಾಜ್ಯದಲ್ಲಿ 2012ರ ಲಿಫ್ಟ್ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಮತ್ತು ತಪಾಸಣೆ ಇದೆ. ಅದನ್ನು ಬರೀ ಕಾಗದದ ಕಿರಿಕಿರಿ ಎಂದು ತಿಳಿಯಬೇಡಿ. ನೆಲಮಹಡಿಯ ಸಹೋದರರು ನಾನು ಲಿಫ್ಟ್ ಹತ್ತುವುದೇ ಇಲ್ಲ, ಹಣ ಯಾಕೆ ಕೊಡಲಿ ಎನ್ನುವುದುಂಟು. ಒಪ್ಪಂದದಲ್ಲಿ ಒಪ್ಪಿಕೊಂಡ ಪಾಲನ್ನು ಕೊಡುವುದು ವಚನಪಾಲನೆ. ಕೊಡಬೇಕಾದ ಹಣ ತಡವಾಗಿ ಬ್ರೇಕಿನ ಕೆಲಸ ಮುಂದೆ ಹೋದರೆ ಆ ಅಪಾಯದಲ್ಲಿ ನಮಗೂ ಪಾಲಿದೆ.

ಕೆಲಸ ನಡೆಯುವ ವಾರಗಳಲ್ಲಿ ಲಿಫ್ಟ್ ನಿಂತಿರುತ್ತದೆ. ಆಗ ನೆರೆಹೊರೆಯ ಹಕ್ಕಿನ ಪರೀಕ್ಷೆ. ಮೇಲಿನ ಮಹಡಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರು ಯಾರು, ತುಂಬು ಗರ್ಭಿಣಿ ಯಾರು, ಮೆಟ್ಟಿಲಿಳಿಯಲಾಗದ ಅಜ್ಜಿ ಯಾರು ಎಂದು ಮೊದಲೇ ಪಟ್ಟಿ ಮಾಡಿ. ಮುಸ್ಲಿಮರಾಗಲಿ ಇತರರಾಗಲಿ, ನೆರೆಯವನು ನೆರೆಯವನೇ. ಅವರ ಗ್ಯಾಸ್ ಸಿಲಿಂಡರ್, ತರಕಾರಿ ಚೀಲ ಮೇಲಕ್ಕೆ ಒಯ್ಯುವುದು ನಮ್ಮ ಹುಡುಗರಿಗೆ ಸದಕಾ. ಲಿಫ್ಟ್ ಬೇಗ ಓಡಿಸಿ ಎಂದು ಕೆಲಸಗಾರರನ್ನು ಪೀಡಿಸಬೇಡಿ. ನಮ್ಮ ಆ ಅವಸರವೇ ಎಷ್ಟೋ ಸಲ ಆ ತುಂಡು ವಯರನ್ನು ಅಲ್ಲೇ ಬಿಡಿಸುತ್ತದೆ.

ಮನೆಗೆ ಹೋಗಿ ಹೆಂಗಸರಿಗೆ, ಮಕ್ಕಳಿಗೆ ಇಷ್ಟನ್ನು ಹೇಳಿ. ಬಾಗಿಲು ತೆರೆದ ಮೇಲೆ ಮೊದಲು ಕಣ್ಣಿನಿಂದ ನೋಡಿ, ಲಿಫ್ಟ್ ಇದೆ ಎಂದು ಖಾತ್ರಿಯಾದ ಮೇಲೆ ಕಾಲಿಡಬೇಕು. ಬುರ್ಖಾದ, ದುಪಟ್ಟಾದ ಅಂಚನ್ನು ಒಟ್ಟುಮಾಡಿಕೊಳ್ಳಬೇಕು. ಮುಚ್ಚುವ ಬಾಗಿಲಿಗೆ ಕೈಕಾಲು ಅಡ್ಡ ಹಿಡಿಯಬಾರದು. ಆರು ಜನ, 408 ಕಿಲೋ ಎಂದು ಬರೆದಿದ್ದರೆ ಒಬ್ಬರಿಗೆ 68 ಕಿಲೋ ಎಂದು ಲೆಕ್ಕ. ಮದುವೆ ಮನೆಯ ಬಿರಿಯಾನಿ ಹಂಡೆಯೂ ತೂಕವೇ. ಬೆಂಕಿ ಬಿದ್ದಾಗ ಮೆಟ್ಟಿಲೇ ದಾರಿ. ನಡುವೆ ಸಿಕ್ಕಿಕೊಂಡರೆ ಬಾಗಿಲನ್ನು ಬಲವಂತದಿಂದ ತೆರೆದು ಹಾರಬಾರದು, ಲಿಫ್ಟ್ ಮತ್ತು ನೆಲದ ನಡುವಿನ ಸಂದಿಯಲ್ಲಿ ಬೀಳುವ ಅಪಾಯವಿದೆ. ಗಾಳಿ ಬರಲು ಲಿಫ್ಟ್‌ನಲ್ಲಿ ಕಂಡಿಗಳಿರುತ್ತವೆ. ಬೆಲ್ ಒತ್ತಿ, ದಿಕ್ರ್ ಹೇಳುತ್ತಾ, ತಿಳಿದವರು ಬರುವ ತನಕ ಕಾಯಬೇಕು.

ಸಹೋದರರೇ, ದಾರಿಯಿಂದ ಕಲ್ಲುಮುಳ್ಳು ಸರಿಸುವುದೂ ಈಮಾನಿನ ಒಂದು ಶಾಖೆ. ಇಂದು ನಮ್ಮ ದಾರಿ ನೆಲದ ಮೇಲೆ ಮಾತ್ರವಿಲ್ಲ, ಮೇಲಕ್ಕೂ ಹೋಗುತ್ತದೆ. ಆ ದಾರಿಯ ಮುಳ್ಳನ್ನು ತೆಗೆಯುವವನು ಮೆಕ್ಯಾನಿಕ್. ಅವನಿಗೆ ಸಮಯ ಕೊಡುವವನು ಮಾಲಕ. ಅದಕ್ಕೆ ಹಣ ಕೊಡುವವರು ನಾವು. ಮೂವರಲ್ಲಿ ಒಬ್ಬರು ವಂಚಿಸಿದರೂ ಸರಪಳಿ ಕಡಿಯುತ್ತದೆ.

ಅಲ್ಲಾಹನೇ, ನಮ್ಮ ಕೈಗಳ ಕೆಲಸದಲ್ಲಿ ಪ್ರಾಮಾಣಿಕತೆ ಕೊಡು. ಎತ್ತರದಲ್ಲಿ, ಕತ್ತಲ ಕಂದಕದಲ್ಲಿ ದುಡಿಯುವ ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ಮನೆ ಸೇರಿಸು. ಕೆಲಸದಲ್ಲಿ ಪ್ರಾಣ ಕಳೆದುಕೊಂಡವರನ್ನು ಕ್ಷಮಿಸು, ಅವರ ಅನಾಥರಿಗೆ ನಮ್ಮನ್ನು ಆಸರೆಯಾಗಿಸು. ನಮ್ಮ ಸಹಿಗಳು ನಾಳೆ ನಮ್ಮ ವಿರುದ್ಧ ಸಾಕ್ಷಿ ಹೇಳದಂತೆ ಮಾಡು. ಆಮೀನ್.