ರಸ್ತೆಯೇ ಕಣವಾದಾಗ



ಸುಗ್ಗಿಯ ದಿನಗಳಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೋ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೋ ಹೊರಟವರು ಕಂಡಿರಬಹುದು: ಕಣಕ್ಕೆಂದು ಪ್ರತ್ಯೇಕವಾದ ನೆಲವಿಲ್ಲದ ರೈತನು ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಅಂಚಿನಲ್ಲಿಯೇ ಹರವಿ, ಸುತ್ತ ಕಲ್ಲುಗಳನ್ನಿಟ್ಟು, ಕಂಬಳಿ ಹೊದ್ದು ಕಾವಲು ಕುಳಿತಿರುತ್ತಾನೆ. ಹಾಗೆ ಹರವುವುದು ಯುಕ್ತವಲ್ಲವೆಂಬುದು ನಿಜವೇ. ಆದರೆ ಇಂದು ಹೇಳಹೊರಟಿರುವುದು ಅದನ್ನಲ್ಲ. ಮಾಘಮಾಸ ಬಂದಿತೆಂದರೆ, ಹರಪನಹಳ್ಳಿಯ ಕಡೆಯಿಂದ ಕೊಟ್ಟೂರೇಶ್ವರನ ತೇರಿಗೆ ಭಕ್ತರು ಇರುಳೆಲ್ಲ ನಡೆದು ಬರುವುದೂ ಇಂತಹ ದಾರಿಗಳಲ್ಲಿಯೇ.

ಇಲ್ಲಿ ಮೋಟಾರು ಸೈಕಲ್ಲನ್ನು ಬಾಣದಂತೆ ಬಿಡುವ ತರುಣನು ಒಂದು ಲೆಕ್ಕವನ್ನು ಮರೆಯುತ್ತಾನೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 11 ಮೀಟರ್ ಸಾಗುವ ಗಾಡಿ, 80ರಲ್ಲಿ 22 ಮೀಟರ್ ಸಾಗುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ, ಕೈ ಬ್ರೇಕನ್ನು ಹಿಡಿಯುವಷ್ಟರಲ್ಲಿಯೇ ಅಷ್ಟು ದಾರಿ ಸವೆದಿರುತ್ತದೆ. ಹಿಡಿದ ಮೇಲಾದರೂ, ವೇಗವು ಇಮ್ಮಡಿಯಾದರೆ ಗಾಡಿ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ಉದುರಿದ ಕಾಳಿನ ಮೇಲೆ ಚಕ್ರ ಹತ್ತಿತೆಂದರೆ ಆ ಲೆಕ್ಕವೂ ನಿಲ್ಲದು. ಗಾಡಿ ಜಾರುವುದೊಂದೇ ಉಳಿಯುವುದು.

ಇಷ್ಟಕ್ಕೂ ಗಳಿಸಿದ್ದೇನು? ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಉಳಿಯುವುದು ಹದಿನೈದು ನಿಮಿಷ. ಅದೂ ಬಹುಶಃ ಮಂಡಕ್ಕಿ ಮಿರ್ಚಿಯ ಅಂಗಡಿಯ ಮುಂದೆ ಕಳೆದುಹೋಗುತ್ತದೆ!

ಈ ಹೊತ್ತು ಗಾಡಿಯ ಕೀಲಿಯನ್ನು ಕೈಗೆತ್ತಿಕೊಂಡು ಹೊಸ್ತಿಲು ದಾಟುತ್ತಿರುವ ಮಗನಿಗೆ, ತಾಯಂದಿರೇ, ಹೆಲ್ಮೆಟ್ಟನ್ನು ಕೊಟ್ಟು, ನಿಧಾನವಾಗಿ ಹೋಗಿ ಬಾ ಎಂದು ಹೇಳಿ ಕಳುಹಿಸಿರಿ.